ಬೆನ್ನ ಹಿಂದೆ ಇಳಿದ ವಿಮಾನ

ಯಪ್ಪಾ, ದೇವದುರ್ಗದ ನಾಟಕದ ಮಾಸ್ತರನೇ! ಮೂರು ಓಣಿಗೆ ಕೇಳುವ ಗಂಟಲನ್ನು ನನಗೆ ಕೊಟ್ಟು ಹೋದವನೇ! ಇವತ್ತು ದನಿ ಏರಿಸದೆ ಬರೆಯಾಕತ್ತೀನಿ, ಓದು.

ಯುದ್ಧ ಮುಗಿದು ವಾಯುಪಡೆಯಿಂದ ರಜೆಗೆ ಬಂದ ದಿನ ನನ್ನನ್ನು ಚಹಾದಂಗಡಿಯ ಬೆಂಚಿನ ಮೇಲೆ ಹತ್ತಿಸಿದ್ದು ನೆನಪದ ಏನು? "ಲೇ, ಎದಿ ಉಬ್ಬಿಸಿ ಹೇಳು, ಹಿಂದಿನವರಿಗೂ ಕೇಳಲಿ!" ಅಂದಿ. ನಾನು ಹೇಳಿದೆ: ಗಾಲಿ ಬಿಡದೆ ಇಳಿಯುತ್ತಿದ್ದ ವಿಮಾನ ನೋಡಿದೆ, ಕೆಂಪು ಮದ್ದು ಹಾರಿಸಿದೆ, ಪೈಲಟ್ ಗಮನಿಸಲಿಲ್ಲ, ನಾನು ಬೆಂಕಿಗೆ ನುಗ್ಗಿದೆ... "ಈಗ ಕಣ್ಣೊರೆಸಿಕೊಳ್ರಿ," ಅಂತ ಜನಕ್ಕೆ ನೀನೇ ಹೇಳಿಕೊಟ್ಟಿ. ನೀ ಸಾಯುವ ತನಕ ಮಾನ್ವಿ, ಜಾಲಹಳ್ಳಿ, ಹೋದಲ್ಲೆಲ್ಲ ನನ್ನಿಂದ ಅದನ್ನೇ ಆಡಿಸಿದಿ.

ಆ ಮಧ್ಯಾಹ್ನ ನಡೆದದ್ದು ಬೇರೆ. ರನ್‌ವೇ ತುದಿಯಲ್ಲಿ ನಿಂತು, ಇಳಿಯುವ ವಿಮಾನದ ಗಾಲಿ ಹೊರಗೆ ಬಂದಿದೆಯೋ ಇಲ್ಲವೋ ನೋಡುವುದೇ ನನ್ನ ಕೆಲಸ. ಬಂದಿರದಿದ್ದರೆ ಪಿಸ್ತೂಲಿನಿಂದ ಕೆಂಪು ಬೆಳಕಿನ ಮದ್ದು ಹಾರಿಸಬೇಕು. ಅದನ್ನು ಕಂಡು ಪೈಲಟ್ ಮತ್ತೆ ಮೇಲೇರುತ್ತಾನೆ. ಊಟ ತಂದ ಇಬ್ಬರು ಗೆಳೆಯರು, "ಏ ರಾಯಚೂರಿ, ರಾಕ್ಷಸನ ಪಾರ್ಟು ಆಗಲಿ," ಅಂದರು. ನೋಡುವವರಿಗೆ ಬೆನ್ನು ತೋರಿಸಬಾರದು ಅಂತ ಹೊಡೆದು ಕಲಿಸಿದವನು ನೀನು. ಅವರ ಕಡೆ ಮುಖ ಮಾಡಿದೆ, ರನ್‌ವೇ ಕಡೆ ಬೆನ್ನು. ನನ್ನ ಅಬ್ಬರದಲ್ಲಿ ಎಂಜಿನ್ ಸದ್ದು ಕೇಳಿಸಲಿಲ್ಲ ಅನ್ನಲೇನು? ಕೇಳಿಸಿತು. ಒಂದು ಮಾತು ಬಾಕಿ ಇತ್ತು. ಮುಗಿಸಿ ತಿರುಗಿದೆ.

ತಗಡು ನೆಲ ಕೆರೆದ ಸದ್ದು. ಬೆಂಕಿ. ನಾನು ನುಗ್ಗಲಿಲ್ಲ ಯಪ್ಪಾ. ಎಲ್ಲ ಹೊತ್ತಿಕೊಂಡ ಮೇಲೆ ಕೆಂಪು ಮದ್ದು ಹಾರಿಸಿದೆ. ಯಾರಿಗೆ ಕಾಣಲಿ ಅಂತ? ವಿಚಾರಣೆಯಲ್ಲಿ ಖಾಲಿ ಪಿಸ್ತೂಲು ನೋಡಿ ನನ್ನನ್ನು ನಂಬಿದರು. ಗೆಳೆಯರಿಬ್ಬರೂ ಬಾಯಿ ಬಿಡಲಿಲ್ಲ. ಇವತ್ತಿಗೂ ಮಾತಿನ ನಡುವೆ ಬೆನ್ನು ಬಿಸಿಯಾಗುತ್ತದೆ. ತಿರುಗಿ ನೋಡಿದರೆ ಗೋಡೆ.

ಹೋದ ಸೋಮವಾರ, ಆ ಬೆಂಕಿಯಲ್ಲಿ ಸತ್ತ ಪೈಲಟ್‌ನ ತಂಗಿ ಹೈದರಾಬಾದಿನಿಂದ ರಾಯಚೂರಿನ ನಮ್ಮ ಮನಿಗೆ ಬಂದರು. ಎಪ್ಪತ್ತು ದಾಟಿದವರು. "ಕೆಂಪು ಬೆಳಕು ಕಂಡೂ ಅಣ್ಣ ಯಾಕೆ ಇಳಿದ? ನಮ್ಮಪ್ಪ ಅವನನ್ನು ಬೈದುಕೊಂಡೇ ಸತ್ತರು," ಅಂದರು ದಖನಿ ಉರ್ದುವಿನಲ್ಲಿ. ನಿನ್ನ ಸೊಸೆ ಒಳಗಿಂದ, "ಕುಂತು ಹೇಳ್ರಿ, ಆಟ ಕಟ್ಟಬ್ಯಾಡ್ರಿ," ಅಂದಳು. ಕುಂತೇ ಹೇಳಿದೆ. ಎಲ್ಲ.

ಅವರು ಬೈಯಲಿಲ್ಲ. ಚಹಾ ಮುಟ್ಟಲಿಲ್ಲ. "ಲಿಖ್ಕೇ ದೇವ್," ಅಂದರು. ಬರೆದುಕೊಟ್ಟೆ: ನಿಮ್ಮ ಅಣ್ಣನಿಗೆ ಬೆಳಕು ಕಾಣಲಿಲ್ಲ, ನಾನು ಹಾರಿಸಿರಲಿಲ್ಲ. ಸಹಿ ಹಾಕಿದೆ.

ನಾಳೆ ದೇವದುರ್ಗಕ್ಕೆ ಹೊರಟೀನಿ. ನಿನ್ನ ಮಾತು ನಂಬಿದವರು ಇನ್ನೂ ನಾಲ್ಕೈದು ಜನ ಬದುಕ್ಯಾರ. ಅವರಿಗೂ ಹೇಳ್ತೀನಿ. ನಿನ್ನ ಮಗ ಸಣ್ಣವನಾಗ್ತಾನ. ಅವನ ಜೋಡಿ ನೀನೂ ಸ್ವಲ್ಪ... ತಡಕೋ, ಯಪ್ಪಾ.