ನಡುವಿನ ಸೀಟು

ದೇವನಹಳ್ಳಿ
14-11-2024

ಪ್ರೀತಿಯ ಅನುಸೂಯಕ್ಕನಿಗೆ,

ನಿನ್ನ ತಂಗಿ ರಂಜಿತಳ ನಮಸ್ಕಾರಗಳು. ಕಾಶಿಯಿಂದ ಬಂದು ಹನ್ನೆರಡು ದಿನವಾಯಿತು. ತೂಬಗೆರೆಗೆ ಬರಲಿಲ್ಲ, ನೀನು ಮೂರು ಸಲ ಮಾಡಿದ ಫೋನನ್ನೂ ಎತ್ತಲಿಲ್ಲ. ಬೈಯಬೇಡ. ಗಂಗಾಜಲದ ಬಾಟಲಿಯ ಜೊತೆ ಈ ಕಾಗದವನ್ನೂ ಪಕ್ಕದ ಮನೆ ಕಾಂತರಾಜು ಕೈಲಿ ಕಳಿಸಿದ್ದೇನೆ.

ಅಪ್ಪನ ಅಸ್ಥಿಯನ್ನು ಗಂಗೆಯಲ್ಲಿ ಬಿಟ್ಟೆವು. ಕೆಲಸ ಚೆನ್ನಾಗಿಯೇ ಆಯಿತು. ಆ ವಿಮಾನದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮೂರನೇ ಟಿಕೆಟ್ ಸಿಗದೆ ನಿನಗೆ ಬರಲಾಗಲಿಲ್ಲ. ಹೊರಡುವ ದಿನ ಅಸ್ಥಿಯ ಕುಡಿಕೆಯನ್ನು ನನ್ನ ಕೈಗೆ ಕೊಟ್ಟು, "ಗಂಗೆ ಸೇರೋವರ್ಗೂ ನೆಲ ಮುಟ್ಟಿಸ್ಬೇಡ ಕಣೇ" ಎಂದಿದ್ದೆ. ಮನೆಯಲ್ಲಾದರೆ ಹಿತ್ತಲ ಹುಣಸೆಮರಕ್ಕೆ ಕಟ್ಟಿದ್ದೆವು, ವಿಮಾನದಲ್ಲಿ ಎಲ್ಲಿ ಕಟ್ಟುವುದು? ಅದಕ್ಕೇ ನಮ್ಮನೆಯವರು ಪ್ರೀಮಿಯಂ ಟಿಕೆಟ್ ಮಾಡಿಸಿದರು. ಮೊದಲು ಹತ್ತಬಹುದು, ಊಟ ಕೊಡುತ್ತಾರೆ, ಇಬ್ಬರ ನಡುವಿನ ಸೀಟನ್ನು ಖಾಲಿ ಬಿಡುತ್ತಾರೆ. "ಅಲ್ಲಿ ಮಾವನ್ನ ಕೂರಿಸ್ಕೊಂಡು ಹೋಗೋಣ" ಎಂದರು.

ಪ್ರೀಮಿಯಂ ಅಂದರೆ ರೈಲಿನಂತೆ ಬೇರೆ ಬೋಗಿ, ಹೋಗಲಿ ಒಂದು ಪರದೆಯಾದರೂ ಇರುತ್ತದೆ ಎಂದುಕೊಂಡಿದ್ದೆ. ಎಲ್ಲರ ಸೀಟೂ ಒಂದೇ! ನಮ್ಮದಕ್ಕೆ ತಲೆ ಇಡುವ ಕಡೆ ಬೇರೆ ಬಣ್ಣದ ಬಟ್ಟೆ ಹೊದಿಸಿದ್ದರು, ಅಷ್ಟೆ. ಮೊದಲು ಹತ್ತಿದ ಭಾಗ್ಯಕ್ಕೆ ಅರ್ಧ ಗಂಟೆ ಹೆಚ್ಚಿಗೆ ಕೂತೆವು.

ಕುಡಿಕೆಯನ್ನು ನಡುವಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕುತ್ತಿದ್ದೆ. ಗಗನಸಖಿ ಓಡಿ ಬಂದಳು, ಕನ್ನಡದ ಹುಡುಗಿಯೇ.

"ಮೇಡಂ, ಸೀಟ್ ಮೇಲೆ ಏನೂ ಇಡಂಗಿಲ್ಲ. ಕೆಳಗಡೆ ಇಟ್ಬಿಡಿ."

"ಇದು ನಮ್ಮಪ್ಪ ಕಣಮ್ಮ."

ಅವಳ ಮುಖ ಸಣ್ಣದಾಯಿತು. "ಸಾರಿ ಮೇಡಂ, ರೂಲ್ಸು."

ನಮ್ಮನೆಯವರು ರೇಗಿದರು. "ಮತ್ತೆ ಈ ಸೀಟಿಗೆ ಯಾಕ್ರೀ ದುಡ್ಡು ಇಸ್ಕೊಂಡ್ರಿ?"

"ನಿಮ್ಗೆ ಆರಾಮಾಗಿರ್ಲಿ ಅಂತ ಸರ್. ಅಲ್ಲಿ ಯಾರೂ ಬರಲ್ಲ."

ಆರಾಮವಂತೆ ಆರಾಮ! ನೆಲಕ್ಕೆ ತಾಗದಿರಲಿ ಎಂದು ಕುಡಿಕೆಯನ್ನು ನನ್ನೆರಡು ಪಾದಗಳ ಮೇಲಿಟ್ಟುಕೊಂಡೆ. ಅಪ್ಪನಿಗೆ ಕಾಲು ತಾಗಿಸಿದ ಪಾಪ ಬೇರೆ. ಇಳಿಯುವ ತನಕ ಅಲುಗಾಡಲಿಲ್ಲ. ಅವರು ಕೊಟ್ಟ ಊಟ ನನಗೆ ಸೇರಲಿಲ್ಲ. ಆ ಊಟದ ಡಬ್ಬಿ ಮಾತ್ರ ಖಾಲಿ ಸೀಟಿನ ಮೇಲೆ ರಾಜನಂತೆ ಕೂತಿತ್ತು, ಅದಕ್ಕೆ ಯಾರೂ ರೂಲ್ಸು ಹೇಳಲಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಸಿಂಚನಳ ಪರೀಕ್ಷೆ ಚೆನ್ನಾಗಿ ಆಗಲಿ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ತಂಗಿ,
ರಂಜಿತ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಧೈರ್ಯ ಸಾಲಲಿಲ್ಲ. ಟಿಕೆಟ್ ಸಿಗಲಿಲ್ಲ ಎಂದದ್ದು ಸುಳ್ಳು. "ನಿಮ್ಮಕ್ಕನ್ನೂ ಕರ್ಕೊಂಡು ಹೋಗೋಣ" ಎಂದು ನಮ್ಮನೆಯವರು ಎರಡು ಸಲ ಹೇಳಿದರು. ಬೇಡ ಎಂದವಳು ನಾನು. ಆರು ವರ್ಷ ಅಪ್ಪನನ್ನು ನೋಡಿಕೊಂಡವಳು ನೀನು. ಕೊನೆಕೊನೆಗೆ ಅಪ್ಪ ನನ್ನನ್ನೂ ಅನುಸೂಯ ಎಂದೇ ಕರೆಯುತ್ತಿದ್ದರು. ಒಂದು ಸಲವಾದರೂ ನಾನೊಬ್ಬಳೇ ಅವರ ಮಗಳಾಗಬೇಕು ಅನ್ನಿಸಿಬಿಟ್ಟಿತು. ಅಲ್ಲಿ ಯಾರೂ ಬರಲ್ಲ ಎಂದು ಆ ಹುಡುಗಿ ಹೇಳಿದಾಗ ಕಿಟಕಿ ಕಡೆ ತಿರುಗಿಕೊಂಡೆ. ಅದು ನಿನ್ನ ಸೀಟು, ಅಕ್ಕ. ಇನ್ನೊಂದು ಸಲ ಫೋನ್ ಮಾಡು, ಎಷ್ಟು ಬೈದರೂ ಕೇಳುತ್ತೇನೆ.