ಏಳದ ಕಾಲು

ಕಿತ್ತೂರು
೮ ಸೆಪ್ಟೆಂಬರ್ ೨೦೨೪, ರವಿವಾರ

ಪ್ರೀತಿಯ ಗಂಗಾಳಿಗೆ,

ಮುನವಳ್ಳಿಯಲ್ಲಿ ನೀನೂ ಗುರವ್ವ ಅತ್ತೆಯವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಾರಕ್ಕೊಮ್ಮೆ ನಿನ್ನ ಫೋನು ಬಂದಾಗ ಮಳೆಯ ಮಾತು, ಸಿಲಿಂಡರ್ ಮಾತು ಆಡಿ ಇಟ್ಟುಬಿಡುತ್ತೇನೆ. ಅದಕ್ಕೇ ಇವತ್ತು ಕಾಗದ ತೆಗೆದುಕೊಂಡೆ.

ನಿನಗೆ ಗೊತ್ತಿರುವುದನ್ನೇ ಮೊದಲು ನನ್ನ ಕೈಯಾರೆ ಬರೆಯುತ್ತೇನೆ. ಹೋದ ವರ್ಷ ನವೆಂಬರ್ ಇಪ್ಪತ್ತೊಂದರಂದು ನಾನು ಓಡಿಸುತ್ತಿದ್ದ ಶಾಲೆಯ ಬಸ್ಸು ಕಬ್ಬಿನ ಟ್ರೇಲರಿಗೆ ಹೊಡೆದದ್ದು ಬ್ರೇಕ್ ಕೆಟ್ಟಿದ್ದರಿಂದ ಅಲ್ಲ.

ಅಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ನಾನು ಗೋಡೆ ಹಿಡಿದದ್ದನ್ನು ನೀನು ನೋಡಿದ್ದೆ. ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ನಡುವಿಗೆ ಶಾಖ ಕೊಟ್ಟವಳು ನೀನೇ. ಇವತ್ತೊಂದು ದಿನ ಹೋಗಬೇಡಿ ಎಂದೂ ಹೇಳಿದ್ದೆ. ನಡುನೋವಿಗೆ ಯಾರಾದರೂ ರಜೆ ಹಾಕುತ್ತಾರೇನು ಎಂದು ನಕ್ಕು ಹೋದೆ. ಆರು ವರ್ಷದ ನೋವು ಅದು. ರೈತನ ಅಂಗೈ ಜಡ್ಡುಗಟ್ಟುವ ಹಾಗೆ ಡ್ರೈವರನಿಗೆ ನಡುನೋವು, ಕೆಲಸದ ಜೊತೆಗೇ ಬರುವಂಥದ್ದು ಎಂದುಕೊಂಡಿದ್ದೆ. ಆದರೆ ನಿನಗೂ ಹೇಳದ ಒಂದು ಮಾತಿತ್ತು. ಅಪಘಾತಕ್ಕೆ ಹದಿನೈದು ದಿನ ಮೊದಲಿನಿಂದ ನನ್ನ ಬಲಗಾಲಿನ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಚಪ್ಪಲಿ ಜಾರಿದರೂ ತಿಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಮೂವತ್ತೊಂದು ಮಕ್ಕಳಿದ್ದರು. ಇಳಿಜಾರಿನಲ್ಲಿ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ನಿಂತಿತು. ಅದು ನಿಂತದ್ದು ನನಗೆ ಚೆನ್ನಾಗಿಯೇ ಕಂಡಿತು. ಬ್ರೇಕ್ ತುಳಿಯಲು ಕಾಲೆತ್ತಲು ಹೋದೆ, ಏಳಲಿಲ್ಲ. ನಡುವಿನಿಂದ ಪಾದದವರೆಗೆ ಕರೆಂಟು ಹೊಡೆದಂತಾಗಿ ಆ ಕಾಲು ನನ್ನದಲ್ಲವೆಂಬಂತೆ ಬಿದ್ದುಕೊಂಡಿತು. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಬ್ಬಿನ ತುದಿಗಳು ಗಾಜು ಒಡೆದು ಒಳಗೆ ಬಂದಿದ್ದವು. ಮುಂದಿನ ಸೀಟಿನಲ್ಲಿದ್ದ ಐದನೇ ಇಯತ್ತೆಯ ಅನ್ನಪೂರ್ಣಾಳ ಎಡಗೈ ಮಣಿಕಟ್ಟು ಮುರಿಯಿತು. ಉಳಿದವರಿಗೆ ತರಚು ಗಾಯ.

ಹೊಲದಿಂದ ಜನ ಓಡಿ ಬಂದರು. ಬ್ರೇಕ್ ಹೋಯಿತೇನು ಎಂದು ಯಾರೋ ಕೇಳಿದರು. ಹೂಂ ಎಂದೆ. ಉತ್ತರವನ್ನು ನಾನು ಹುಡುಕಬೇಕಾಗಲಿಲ್ಲ, ಕೇಳಿದವನೇ ಕೈಗೆ ಕೊಟ್ಟಿದ್ದ. ಹೊಡೆತಕ್ಕೆ ಬ್ರೇಕಿನ ಪೈಪೂ ಒಡೆದು ಎಣ್ಣೆ ಸುರಿದಿತ್ತು. ನೋಡಲು ಬಂದವರು ಅದನ್ನೇ ಸಾಕ್ಷಿ ಎಂದುಕೊಂಡರು. ಎಂಟು ದಿನ ಮೊದಲು ಆ ಬಸ್ಸಿನ ಬ್ರೇಕಿಗೆ ಹೊಸ ಲೈನರ್ ಹಾಕಿದ್ದವನು ಗ್ಯಾರೇಜಿನ ಸುನೀಲ. ತಪ್ಪೆಲ್ಲ ಅವನ ತಲೆಗೆ ಬಂತು.

ಅಂದು ಸಂಜೆ ನೀನು ನನ್ನ ಬಲಪಾದವನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. "ಬ್ರೇಕ್ ಹಿಡೀಲಿಲ್ಲೋ, ನಿಮ್ಮ ಕಾಲ ಏಳಲಿಲ್ಲೋ?"

ನಾನು ಕಾಲು ಎಳೆದುಕೊಂಡೆ. ಈ ಮಾತು ಇನ್ನೊಮ್ಮೆ ನಿನ್ನ ಬಾಯಲ್ಲಿ ಬರಬಾರದು ಎಂದೆ. ಹದಿನೈದು ದಿನ ಬಿಟ್ಟು, ರಿಪೇರಿಯಾದ ಬಸ್ಸಿನ ಕೀಲಿ ಹಿಡಿದು ಹೊರಟಾಗ ನೀನು ಬಾಗಿಲಲ್ಲಿ ನಿಂತಿದ್ದೆ. "ನಮಗ ಮಕ್ಕಳಿಲ್ಲರಿ. ಮಂದಿ ಮಕ್ಕಳನ್ನ ಹೊತ್ಕೊಂಡ ಹೋಗೂದು ನಿಮ್ಮ ಕೆಲಸ. ಆ ಕಾಲು ಇಟಗೊಂಡ ಹ್ಯಾಂಗ ಹೊಂಟೀರಿ?" ಎಂದೆ. ನಾನು ತಿರುಗಿಯೂ ನೋಡಲಿಲ್ಲ. ಸಂಜೆ ಬಂದಾಗ ಮನೆಗೆ ಬೀಗವಿತ್ತು. ಅವ್ವನಿಗೆ ಮೈಯಲ್ಲಿ ಆರಾಮಿಲ್ಲವೆಂದು ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಕೀಲಿ ಕೊಟ್ಟರು. ನನ್ನ ಮಾನ ಉಳಿಸಲು ನೀನೂ ಒಂದು ಸುಳ್ಳು ಹೇಳಿ ಹೋಗಿದ್ದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಎರಡು ತಿಂಗಳು ನಾನು ಅದೇ ಕಾಲಿನಿಂದ ಬಸ್ಸು ಓಡಿಸಿದೆ. ನಿಧಾನವಾಗಿ ಹೋಗುತ್ತಿದ್ದೆ, ಎಡಗಾಲಿನಿಂದ ಬ್ರೇಕ್ ತುಳಿಯುವುದನ್ನು ರೂಢಿ ಮಾಡಿಕೊಂಡಿದ್ದೆ. ಯಾರು ಯಾವ ಮನೆಮದ್ದು ಹೇಳಿದರೂ ಮಾಡಿದೆ. ಔಡಲೆಣ್ಣೆ ಬಿಸಿ ಮಾಡಿ ಹಚ್ಚಿದೆ, ಬೆನ್ನಿಗೆ ನನ್ನ ಕೈ ಮುಟ್ಟುವಷ್ಟು ದೂರ ಮಾತ್ರ. ಲಕ್ಕಿ ಸೊಪ್ಪು ಕುದಿಸಿದ ನೀರು ಸುರಿದುಕೊಂಡೆ. ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿಕೊಂಡೆ. ಅವು ಹಚ್ಚಿದಷ್ಟು ಹೊತ್ತು ಹಿತ. ಎಲೆ ಬಾಡುವಷ್ಟರಲ್ಲಿ ನೋವು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು.

ಕೊನೆಗೆ ಬಾಯವ್ವನ ಬಳಿಗೆ ಹೋದೆ. ಬೈಲಹೊಂಗಲ ದಾರಿಯ ಹಳ್ಳಿಯೊಂದರಲ್ಲಿ ಇದ್ದಾಳೆ, ಎಪ್ಪತ್ತು ದಾಟಿದ ಮುದುಕಿ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬೆನ್ನಿಗೆ ಮೂರು ಸಲ ಒದ್ದರೆ ಹಿಡಿದ ನಡು ಬಿಡುತ್ತದೆ ಎನ್ನುತ್ತಾರಲ್ಲ, ನೀನೂ ಕೇಳಿದ್ದೀಯ. ಅಮಾವಾಸ್ಯೆಯ ದಿನ ಅವಳ ಅಂಗಳದಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ಕೂತಿದ್ದರು. ನನ್ನ ಸರದಿ ಬಂತು. ನಾನು ಎದ್ದು ನಾಲ್ಕು ಹೆಜ್ಜೆ ನಡೆದು ಅವಳ ಮುಂದೆ ಕೂರುವವರೆಗೂ ಅವಳು ನನ್ನ ಪಾದವನ್ನೇ ನೋಡುತ್ತಿದ್ದಳು. "ಕಾಲ ಎಳೀತಿಯಲ್ಲೋ ತಮ್ಮಾ," ಎಂದಳು. "ಇದಕ್ಕ ನಾ ಒದಿಯಾಂಗಿಲ್ಲ. ಒದ್ದರ ಇದ್ದ ಕಾಲೂ ಹೋದೀತು. ದೊಡ್ಡ ದವಾಖಾನಿಗೆ ಹೋಗು, ಇವತ್ತ ಹೋಗು."

ಎಲ್ಲರ ಎದುರು ಎದ್ದು ಬಂದೆ. ಎಷ್ಟೋ ಜನರನ್ನು ಒದ್ದ ಆ ಮುದುಕಿ ನನಗೆ ಮಾತ್ರ ಕಾಲು ಎತ್ತಲಿಲ್ಲವಲ್ಲ ಎಂದು ಹೆದರಿಕೆಯಾಯಿತು. ಮರುದಿನ ಆರಾಮಿಲ್ಲವೆಂದು ಹೇಳಿ ಬಸ್ಸಿನ ಕೀಲಿ ಒಪ್ಪಿಸಿದೆ. ನಿಜ ಹೇಳುವ ಧೈರ್ಯ ಆಗಲೂ ಬಂದಿರಲಿಲ್ಲ.

ಧಾರವಾಡದಲ್ಲಿ ಸ್ಕ್ಯಾನ್ ಮಾಡಿದರು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಜಾರಿ ಕಾಲಿನ ನರವನ್ನು ಒತ್ತಿದೆ ಎಂದರು. ಕಾಲಿನ ಶಕ್ತಿ ಇನ್ನೂ ಕುಗ್ಗಿದರೆ, ಇಲ್ಲವೆ ಮೂತ್ರಕ್ಕೆ ತೊಂದರೆಯಾದರೆ ಆ ಕ್ಷಣವೇ ಬರಬೇಕು, ಆಪರೇಶನ್ ಬೇಕಾಗುತ್ತದೆ, ಅಲ್ಲಿಯವರೆಗೆ ವ್ಯಾಯಾಮ ಮಾಡಿ ನೋಡೋಣ ಎಂದು ಡಾಕ್ಟರು ಹೇಳಿದರು. ಅದನ್ನು ಕಲಿಸಲು ಐಶ್ವರ್ಯಾ ಎಂಬ ಹುಡುಗಿ ಇದ್ದಳು. ನಮ್ಮ ಬೈಲಹೊಂಗಲದವಳೇ, ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಕೈಯಲ್ಲಿ ಒಂದು ಹಾಳೆ ಹಿಡಿದು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದಳು. ಎಷ್ಟು ವರ್ಷದ ನೋವು, ಎಷ್ಟು ತಾಸು ಕೂರುತ್ತೀರಿ, ಹೀಗೆ. "ಕಾಲ ಎತ್ತಾಕ ಬರವಲ್ದು ಅಂತ ಮೊದಲನೇ ಸಲ ಯಾವಾಗ ಗೊತ್ತಾತ್ರಿ ಕಾಕಾ?" ಎಂದು ಕೇಳಿದಳು.

ಗಂಗಾ, ಆ ಹುಡುಗಿಗೆ ಸುಳ್ಳು ಹೇಳಲಾಗಲಿಲ್ಲ. ಸುಳ್ಳು ಹೇಳಿದರೆ ತಪ್ಪು ಚಿಕಿತ್ಸೆ ಆದೀತೆಂಬ ಸ್ವಾರ್ಥವೇ ಇದ್ದೀತು. ನವೆಂಬರ್ ಇಪ್ಪತ್ತೊಂದು, ಬೆಳಿಗ್ಗೆ ಒಂಬತ್ತೂ ಇಪ್ಪತ್ತು, ಡ್ರೈವರ್ ಸೀಟಿನಲ್ಲಿ ಎಂದೆ. ಅವಳು ಹಾಳೆಯಲ್ಲಿ ಬರೆದುಕೊಂಡು, ಅಂಗಾತ ಮಲಗಿ ಮೊಣಕಾಲು ಮಡಚಿರಿ ಎಂದಳು. ನಾನೇ ಬಾಯಿಬಿಟ್ಟು ಹೇಳಿದ್ದನ್ನು ನನ್ನ ಕಿವಿಗಳು ಮೊದಲ ಸಲ ಕೇಳಿದ್ದವು.

ಅವತ್ತಿನಿಂದ ದಿನವೂ ಬೆಳಿಗ್ಗೆ ನಡುಮನೆಯಲ್ಲಿ ಜಮಖಾನೆ ಹಾಸುತ್ತೇನೆ. ಮಡಚಿದ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು. ನಡುವನ್ನು ನೆಲಕ್ಕೆ ಒತ್ತುವುದು, ಮತ್ತೆ ಮೆಲ್ಲಗೆ ಸೊಂಟ ಎತ್ತಿ ಹಿಡಿಯುವುದು. ಕೈಕಾಲು ಊರಿ, ಬೆಕ್ಕು ಮೈಮುರಿಯುವ ಹಾಗೆ ಬೆನ್ನು ಬಾಗಿಸುವುದು. ಮೊದಲ ವಾರ ಐದು ಎಣಿಸುವುದರೊಳಗೆ ನೆಲಕ್ಕೆ ಕುಸಿಯುತ್ತಿದ್ದೆ. ನಲವತ್ತೊಂಬತ್ತು ವರ್ಷದ ಗಂಡಸು ನೆಲದ ಮೇಲೆ ಮಗುವಿನಂತೆ ಅಂಬೆಗಾಲಿಡುವುದನ್ನು ಯಾರಾದರೂ ನೋಡಿಯಾರೆಂದು ಕಿಟಕಿ ಮುಚ್ಚುತ್ತಿದ್ದೆ. ಈಗ ತೆರೆದೇ ಇರುತ್ತದೆ. ಉಪ್ಪಿನ ಶಾಖವನ್ನು ಐಶ್ವರ್ಯಾ ಬಿಡಿಸಲಿಲ್ಲ. ವ್ಯಾಯಾಮಕ್ಕೆ ಮೊದಲು ಹತ್ತು ನಿಮಿಷ ಕೊಟ್ಟುಕೊಳ್ಳಿ, ಎಣ್ಣೆಯೂ ಇರಲಿ, ಆದರೆ ಅವು ನೋವನ್ನು ಮಲಗಿಸುತ್ತವೆ ಅಷ್ಟೇ, ಬೆನ್ನಿಗೆ ಬಲ ಕೊಡುವುದಿಲ್ಲ ಎಂದಳು. ನಾನೇ ಉಪ್ಪು ಹುರಿಯಲು ಹೋಗಿ ಮೊದಲ ದಿನ ಬಟ್ಟೆಯನ್ನೇ ಸುಟ್ಟುಕೊಂಡೆ. ಜೊತೆಗೆ ದಿನಕ್ಕೆ ಅರ್ಧ ತಾಸು ನಡೆಯಬೇಕು ಎಂದಳು. ಮೇ ತಿಂಗಳಿಗೆ ಹೆಬ್ಬೆರಳಿಗೆ ನೆಲದ ತಂಪು ತಿಳಿಯತೊಡಗಿತು.

ಕಾಲಿಗೆ ಸ್ಪರ್ಶ ಬಂದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. ಜೂನಿನಲ್ಲಿ ಶಾಲೆ ಸುರುವಾದ ವಾರವೇ ಚೇರಮನ್ನರ ಮುಂದೆ ಹೋಗಿ ಎಲ್ಲ ಹೇಳಿದೆ. ಬ್ರೇಕ್ ಹೋಯಿತೆಂದು ಅಂದು ಪೊಲೀಸರಿಗೆ ಬರೆಸಿದ್ದನ್ನು ಬಿಟ್ಟು ಠಾಣೆಯಲ್ಲಿ ಹೊಸ ಹೇಳಿಕೆ ಬರೆಸಿಕೊಟ್ಟೆ. ಆ ಕೇಸು ಏನಾಗುತ್ತದೋ ಆಗಲಿ, ಲೈಸನ್ಸ್ ಹೋದರೂ ಹೋಗಲಿ. ನಂತರ ಸುನೀಲನನ್ನು ಹುಡುಕಿಕೊಂಡು ರಾಮದುರ್ಗಕ್ಕೆ ಹೋದೆ. ಗಿರಾಕಿಗಳು ಬಿಟ್ಟಮೇಲೆ ಇಲ್ಲಿನ ಗ್ಯಾರೇಜು ಮುಚ್ಚಿ, ಅಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದಾನೆ. ನಾನು ಹೋದಾಗ ಟೆಂಪೋದ ಕೆಳಗೆ ಮಲಗಿದ್ದ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನನ್ನ ಮಾತು ಪೂರ್ತಿ ಕೇಳಿದ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ನಿಂತಿದ್ದೆ.

"ನನಗ್ಯಾಕ ಹೇಳ್ತೀರಿ ಅಣ್ಣಾರ?" ಎಂದ. "ನಾ ಹಾಕಿದ ಲೈನರ್ ಹೆಂಗಿತ್ತಂತ ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳ್ರಿ." ಅಷ್ಟು ಹೇಳಿ ಮತ್ತೆ ಟೆಂಪೋದ ಕೆಳಗೆ ಹೋದ.

ಗೊತ್ತಿಲ್ಲದವರು ಯಾರು ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಮ್ಮ ಶಾಲೆಯ ಬಸ್ಸು ಹನ್ನೊಂದು ಕಡೆ ನಿಲ್ಲುತ್ತಿತ್ತು. ಒಂದೊಂದು ಕಡೆಯೂ ಮಕ್ಕಳ ಕೈ ಹಿಡಿದು ತಾಯಿತಂದೆ ನಿಂತಿರುತ್ತಾರೆ. ನಡೆಯುವುದು ಹೇಗೂ ಇತ್ತು. ದಿನಕ್ಕೊಂದು ಸ್ಟಾಪಿಗೆ ಹೊರಟೆ. ದೂರದವಕ್ಕೆ ಟಂಟಂ ಆಟೋದಲ್ಲಿ ಹೋಗಿ ಕೊನೆಯ ಒಂದು ಮೈಲು ನಡೆಯುತ್ತಿದ್ದೆ. ಬಸ್ಸು ಬರುವುದಕ್ಕೆ ಹತ್ತು ನಿಮಿಷ ಮೊದಲು ಅವರ ನಡುವೆ ನಿಂತು ಹೇಳುತ್ತಿದ್ದೆ: ಬ್ರೇಕ್ ಸರಿಯಿತ್ತು, ಸುನೀಲನ ಕೆಲಸ ಸರಿಯಿತ್ತು, ಕೆಟ್ಟಿದ್ದು ನನ್ನ ಕಾಲು, ನಾನು ಅದನ್ನು ಮುಚ್ಚಿಟ್ಟೆ. ಒಂದು ಕಡೆ ಒಬ್ಬರು ಕೊರಳಪಟ್ಟಿ ಹಿಡಿದರು. ಒಂದು ಕಡೆ ಹೆಣ್ಣುಮಕ್ಕಳು ಮಕ್ಕಳನ್ನು ನನ್ನಿಂದ ದೂರ ಸರಿಸಿಕೊಂಡು ನಿಂತರು. ಅದು ಕೊರಳಪಟ್ಟಿಗಿಂತ ಹೆಚ್ಚು ನೋಯಿತು. ಆಗಿದ್ದು ಆಗಿಹೋಯಿತು ಬಿಡಿ ಎಂದವರೂ ಇದ್ದರು.

ಒಂಬತ್ತನೆಯದು ಅನ್ನಪೂರ್ಣಾಳ ಊರು. ಅವಳ ತಾಯಿ ಚನ್ನವ್ವ ಮಗಳ ಎಡಗೈ ಹಿಡಿದು ನನ್ನ ಮುಂದೆ ಚಾಚಿದಳು. ಮೂಳೆ ಕೂಡಿದೆ, ಆದರೆ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಆಗ ಆ ಮಗು ಕೇಳಿತು. "ಈಗ ನಿಮ್ಮ ಕಾಲ ಏಳತೈತೇನ್ರಿ ಕಾಕಾ?" ಏಳತೈತವ್ವಾ ಎಂದು ಅಲ್ಲೇ ಎತ್ತಿ ತೋರಿಸಿದೆ. ತಾನೂ ಕೈಗೆ ದಿನಾ ವ್ಯಾಯಾಮ ಮಾಡುತ್ತೇನೆ, ಬೇಜಾರು ಬರುತ್ತದೆ ಎಂದಳು. ನನಗೂ ಬೇಜಾರು ಬರುತ್ತದೆ ಎಂದೆ. ಬಸ್ಸು ಬಂತು, ಹತ್ತಿ ಹೋದಳು. ಚನ್ನವ್ವ ಮಾತ್ರ ಬಸ್ಸು ಹೋದ ಮೇಲೂ ನನ್ನ ಕಡೆ ನೋಡಲಿಲ್ಲ. ನೋಡಲಿ ಎಂದು ನಾನೂ ಕಾಯಲಿಲ್ಲ.

ಈಗ ಬೈಲಹೊಂಗಲದ ಒಂದು ಹತ್ತಿ ಗಿರಣಿಯ ಗೇಟಿನಲ್ಲಿ ಕೆಲಸ. ತಾಸಿಗೊಮ್ಮೆ ಎದ್ದು ಅಡ್ಡಾಡಬಹುದು. ದಿನಾ ಕಿತ್ತೂರಿನಿಂದ ಹೋಗಿಬಂದು ಮಾಡುತ್ತೇನೆ. ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ, ಕೂತರೆ ನಡು ಹಿಡಿಯುತ್ತದೆ. ನಾಲ್ಕೈದು ಗಾಡಿಯವರು ಸುನೀಲನಿಗೆ ಫೋನು ಮಾಡಿ ಮರಳಿ ಬಾ ಎಂದರಂತೆ. ನೋಡೋಣ ಎಂದನಂತೆ. ಬಂದಾನೋ ಇಲ್ಲವೋ ತಿಳಿಯದು.

ನಿನ್ನನ್ನು ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಹೇಳಬೇಕಾದವರಲ್ಲಿ ಇನ್ನೂ ಉಳಿದವರು ನೀವಿಬ್ಬರು. ಮಗಳು ಯಾಕೆ ಬಂದು ಕೂತಿದ್ದಾಳೆ ಎಂದು ಓಣಿಯವರು ಕೇಳಿದಾಗಲೆಲ್ಲ, ಗಟ್ಟಿಮುಟ್ಟಾದ ಅತ್ತೆಯವರು ತಮಗೆ ಆರಾಮಿಲ್ಲವೆಂದು ಒಂಬತ್ತು ತಿಂಗಳು ಹೇಳುತ್ತ ಬಂದಿದ್ದಾರೆ. ಅವರ ಮುಂದೆ ಕೂತು ನಾನೇ ಹೇಳಬೇಕು. ನಿನ್ನ ಮುಂದೆಯೂ ಹೇಳಬೇಕು, ಅಂದು ಎಳೆದುಕೊಂಡ ಕಾಲನ್ನು ಎಳೆದುಕೊಳ್ಳದೆ. ಬರುವ ರವಿವಾರ ಗಿರಣಿಗೆ ಸೂಟಿ ಇದೆ. ಮುನವಳ್ಳಿಗೆ ನಾನು ಬರಬಹುದೇ? ಬೇಡವೆಂದರೆ ಬೇಡವೆಂದೇ ಬರೆ, ಇನ್ನೊಮ್ಮೆ ಕೇಳುವುದಿಲ್ಲ. ಅತ್ತೆಯವರಿಗೆ ನನ್ನ ಶರಣು ತಿಳಿಸು.

ನಿನ್ನ ಉತ್ತರದ ದಾರಿ ನೋಡುತ್ತಿರುವ
ಮಡಿವಾಳೆಪ್ಪ

ತಾ.ಕ.: ಇದನ್ನು ಒಂದೇ ಸಲ ಕೂತು ಬರೆದಿಲ್ಲ. ನಡುವೆ ಮೂರು ಸಲ ನೋವು ತಡೆಯಲಾರದೆ ನೆಲದ ಮೇಲೆ ಅಡ್ಡಾದೆ. ಒಮ್ಮೆ ಅಳುವೂ ಬಂತು. ಇದನ್ನು ನಿನಗೆ ತಿಳಿಸಬಾರದೆಂದೇ ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಹರಿದು ತೆಗೆದು ಬರೆದಿದ್ದೇನೆ.