ನಿನ್ನ ಹೆಸರಿನ ಚಿಪ್ಪು

ಅವ್ವಾ ಅಂಜನಾ,

ನಿನ್ನ ಹೆಸರನ್ನು ಕೈಯಾರೆ ತೆಗೆದುಹಾಕಿದೆ. ಬೇರೆ ಯಾರಿಂದಲೋ ನಿನಗೆ ತಿಳಿಯುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ. ಹೋಗಿ ಹನ್ನೆರಡು ವರ್ಷವಾದವಳಿಗೆ ಯಾರು ಹೇಳಿಯಾರು ಎಂದು ನಗಬೇಡ. ನಿಮ್ಮಪ್ಪನ ಹುಚ್ಚು ನಿನಗೆ ಗೊತ್ತಿದ್ದದ್ದೇ.

ದೂರದ ಅರಿಯಲೂರಿನ ಬಂಡೆಗಳಿಂದ ನಾನು ತರುತ್ತಿದ್ದ ಸುರುಳಿ ಕಲ್ಲುಗಳನ್ನು ನೀನು ನಮ್ಮ ಖೂಬಾ ಪ್ಲಾಟಿನ ಮನೆಯ ಕಟ್ಟೆಯ ಮೇಲೆ ಕೂತು ಹಳೇ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. "ಅಪ್ಪಾ, ಈ ಚಕ್ಕುಲಿ ಯಾರು ಕರದಾರ?" ಎಂದು ಕೇಳುತ್ತಿದ್ದೆ. ಅವು ಅಮೋನೈಟ್, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದು ಕಲ್ಲಾದ ಜೀವಿಗಳು. ಒಂದೊಂದು ಕಾಲಕ್ಕೆ ಒಂದೊಂದು ಜಾತಿ. ಎರಡು ಊರಿನ ಬಂಡೆಗಳಲ್ಲಿ ಒಂದೇ ಜಾತಿ ಸಿಕ್ಕರೆ ಆ ಪದರಗಳು ಒಂದೇ ಕಾಲದವು. ಜಾತಿ ಗುರುತಿಸುವಲ್ಲಿ ತಪ್ಪಿದರೆ ಕಾಲವೂ ತಪ್ಪುತ್ತದೆ.

ಡೆಂಗ್ಯೂ ನಿನ್ನನ್ನು ಒಯ್ದಾಗ ನಿನಗೆ ಒಂಬತ್ತು. ಮರುವರ್ಷ ಅಡಿಕೆಯಷ್ಟು ದೊಡ್ಡದೊಂದು ಅಮೋನೈಟನ್ನು ಹೊಸ ಜಾತಿಯೆಂದು ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ನಿನ್ನ ಹೆಸರಿಟ್ಟೆ. ಈ ಮನೆಯಲ್ಲಿರಲಾರದೆ ಕಮಲಾಪುರದ ಶಾಲೆಗೆ ವರ್ಗ ಮಾಡಿಸಿಕೊಂಡಿದ್ದ ನಿಮ್ಮವ್ವ ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು.

ಹೋದ ತಿಂಗಳು ನನ್ನ ವಿದ್ಯಾರ್ಥಿನಿ ಬುಶ್ರಾ, ಬಹಳ ಹಿಂದೆಯೇ ಹೆಸರು ಪಡೆದ ದೊಡ್ಡ ಜಾತಿಯೊಂದರ ಚಿಪ್ಪಿನ ಹೊರಸುತ್ತುಗಳನ್ನು ಒಂದೊಂದಾಗಿ ಬಿಡಿಸಿದಳು. ಈ ಜೀವಿ ತನ್ನ ಎಳವೆಯ ಸುರುಳಿಯ ಸುತ್ತಲೇ ಬೆಳೆಯುತ್ತದೆ. ನಟ್ಟನಡುವೆ ನಿನ್ನ ಹೆಸರಿನದೇ ಇತ್ತು, ಗೆರೆಗೆ ಗೆರೆ. "ಸರ್, ನಿಮ್ಮದು ಬ್ಯಾರೆ ಜಾತಿ ಅಲ್ರಿ. ಇದರದೇ ಮರಿ ಅದ ರೀ," ಅಂದಳು. ಕಣ್ಣಿದ್ದೂ ಕುರುಡಿಯೇನು ಎಂದು ಆ ಹುಡುಗಿಯನ್ನು ಬೈದೆ. ಮೂರು ದಿನ ನಾನೇ ಲೆನ್ಸು ಹಿಡಿದು ಕೂತೆ. ಕುರುಡ ನಾನಾಗಿದ್ದೆ.

"ಬಿಡ್ರಿ ಸರ್, ನಾ ಇದನ್ನ ಬರಿಯಂಗಿಲ್ಲ," ಅಂದಳು. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನಿನ್ನ ಹೆಸರು ನಂಬಿಯೇ ನಾನು ಒಂದೇ ಕಾಲದ ಎರಡು ಪದರಗಳನ್ನು ಬೇರೆ ಬೇರೆ ಕಾಲದವೆಂದು ಬರೆದಿದ್ದೆ. ನಾಳೆ ಬರುವವರೂ ಅದನ್ನೇ ನಂಬುತ್ತಾರೆ. ಮೊದಲಿಟ್ಟ ಹೆಸರೇ ಉಳಿಯಬೇಕೆನ್ನುವುದು ನಮ್ಮ ಕಟ್ಟಳೆ. ನಿನ್ನ ಹೆಸರು ಸಲ್ಲದೆಂದು ಅದೇ ಪತ್ರಿಕೆಗೆ ನಾನೇ ಬರೆದು ಕಳಿಸಿದೆ. ಆ ದಿನ ನೀನು ಇನ್ನೊಂದು ಸಲ ಸತ್ತೆ, ಅವ್ವಾ.

ಭಾನುವಾರ ಕಮಲಾಪುರಕ್ಕೆ ಹೋಗಿ, ಅದು ಬೇರೆ ಜಾತಿಯಲ್ಲ, ಬೆಳೆಯುವ ಮೊದಲೇ ಸತ್ತ ಮರಿಯೆಂದು ನಿಮ್ಮವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಹಂಗಾದ್ರ ಉಳದ ಮರಿಗಳು ಬೆಳದಾವೇನ್ರಿ?" ಅಂದಳು.

"ಬೆಳದಾವ."

"ಎಷ್ಟು ದೊಡ್ಡವು?"

ಎರಡೂ ಕೈ ಅಗಲಿಸಿ ತೋರಿಸಿದೆ. ನಡುವಿನ ಆ ಜಾಗವನ್ನು ನೋಡುತ್ತ, ನೀನು ಹೋದ ದಿನವೂ ಅಳದಿದ್ದ ನಿಮ್ಮವ್ವ ಬಾಯಿಬಿಟ್ಟು ಅತ್ತಳು. ಕೈ ಇಳಿಸಲು ನನ್ನಿಂದ ಆಗಲಿಲ್ಲ.

ಎಲ್ಲಿದ್ದರೂ ತಣ್ಣಗಿರು, ನನ್ನವ್ವಾ.

ನಿನ್ನ ಅಪ್ಪ,
ಅರುಣಕುಮಾರ